ಮೀನುಮರಿ ತೊಟ್ಟಿಗೆ ಸುಣ್ಣ ಹಾಕಿದ ಮಧ್ಯಾಹ್ನ ಏನಾಯಿತು?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ಮೀನುಮರಿ ಬೆಳೆಸಿ ಕೆರೆ ಗುತ್ತಿಗೆ ಹಿಡಿದವರಿಗೆ ಮಾರೋಣ ಅಂತ ತೋಟದಲ್ಲಿ ಎರಡು ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಒಂದೊಂದೂ 10 ಮೀಟರ್ ಉದ್ದ, 5 ಮೀಟರ್ ಅಗಲ, ನೀರು 1 ಮೀಟರ್ ನಿಲ್ಲುತ್ತದೆ. ಬೋರ್‌ವೆಲ್ ನೀರು. ಮೊದಲ ಸಲ ಒಂದು ತೊಟ್ಟಿಗೆ ಒಂದು ಲಕ್ಷ ಕಾಟ್ಲಾ, ರೋಹು ಸ್ಪಾನ್ ಬಿಟ್ಟೆ, ಮಾರನೇ ದಿನ ಬೆಳಿಗ್ಗೆಗೆ ಎಲ್ಲ ಸತ್ತಿದ್ದವು. ಒಂದು ತಿಂಗಳು ಬಿಟ್ಟು ಮತ್ತೆ ಒಂದು ಲಕ್ಷ ತಂದೆ. ಎಂಟು ದಿನ ಚೆನ್ನಾಗಿದ್ದವು. ಬೇಗ ಬೆಳೆಯಲಿ ಅಂತ ದಿನಕ್ಕೆ ಎರಡೂವರೆ ಕೆಜಿ ಕಡ್ಲೆಕಾಯಿ ಹಿಂಡಿ ಹಾಕುತ್ತಿದ್ದೆ. ಹತ್ತನೇ ದಿನ ಬೆಳಗಿನ ಜಾವ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬೋರ್ ನೀರು ಬಿಟ್ಟ ಮೇಲೆ ಸರಿಹೋದವು. ಹನ್ನೆರಡನೇ ದಿನ ಒಂದಷ್ಟು ಸತ್ತವು. ಪಕ್ಕದ ಊರಿನವರೊಬ್ಬರು ನೀರು ಕೆಟ್ಟಿದೆ, ಸುಣ್ಣ ಹಾಕು ಅಂದರು. ಐದು ಕೆಜಿ ಕಲಸಿ ಮಧ್ಯಾಹ್ನ ಹಾಕಿದೆ. ಸಂಜೆಗೆ ಒಂದೂ ಉಳಿಯಲಿಲ್ಲ. ಸುಣ್ಣ ಕೆಟ್ಟದ್ದಾ? ಟೆಸ್ಟ್ ಕಿಟ್ ತಗೊಳ್ಳಲೇಬೇಕಾ? ಅಂಗಡಿಯವರು ಪ್ರೊಬಯೋಟಿಕ್ (ಒಳ್ಳೆ ಬ್ಯಾಕ್ಟೀರಿಯಾದ ಬಾಟಲಿ) ಹಾಕಿ ಅಂತಾರೆ, ಹಾಕಬಹುದಾ? ಬೋರ್ ಕೈಕೊಟ್ಟರೆ ಪಂಚಾಯಿತಿ ನಲ್ಲಿ ನೀರು ನಡೆಯುತ್ತಾ? ಆಮೇಲೆ ಇದೇ ತೊಟ್ಟಿಯಲ್ಲಿ ಸಿಗಡಿ ಮರಿ ಮಾಡಬಹುದಾ?

ಉತ್ತರ: ಎರಡು ಲಕ್ಷ ಮರಿ ಕಳೆದುಕೊಂಡ ಮೇಲೂ ಇಷ್ಟು ಬಿಡಿಸಿ ಬರೆದಿದ್ದೀರಲ್ಲ, ಅದರಿಂದಲೇ ನನ್ನ ಕೆಲಸ ಅರ್ಧ ಮುಗಿಯಿತು. ಸಾಮಾನ್ಯವಾಗಿ "ಸಾರ್, ಮೀನು ಸತ್ತೋಯ್ತು, ಏನು ಔಷಧಿ ಹಾಕಲಿ" ಅಂತ ಒಂದೇ ಸಾಲು ಬರುತ್ತದೆ. ನೀವು ತೊಟ್ಟಿಯ ಅಳತೆ, ಹಿಂಡಿಯ ತೂಕ, ದಿನದ ಲೆಕ್ಕ, ಸತ್ತ ಹೊತ್ತು ಎಲ್ಲ ಕೊಟ್ಟಿದ್ದೀರಿ. ಹಾಗಾಗಿ ನೀರು ನೋಡದೆಯೂ ಸುಮಾರಾಗಿ ಹೇಳಬಹುದು.

ಮೊದಲ ಬ್ಯಾಚಿಗೂ ಎರಡನೇ ಬ್ಯಾಚಿಗೂ ಸಾವಿನ ಕಾರಣ ಬೇರೆ ಬೇರೆ. ಆದರೆ ಎರಡರಲ್ಲೂ ಪಿಎಚ್ ಕೈವಾಡ ಇದೆ. ಪಿಎಚ್ ಅಂದರೆ ನೀರಿನ ಹುಳಿ, ಕ್ಷಾರದ ಅಳತೆ, 7 ನಡುವಿನದು, ಮೇಲೇರಿದಷ್ಟೂ ಕ್ಷಾರ ಜಾಸ್ತಿ.

ಮೊದಲನೆಯದ್ದು ಹೊಸ ಸಿಮೆಂಟಿನ ಕೆಲಸ. ಹೊಸ ತೊಟ್ಟಿಯ ಗಾರೆಯಿಂದ ಸುಣ್ಣದ ಅಂಶ ನೀರಿಗೆ ಇಳಿಯುತ್ತಲೇ ಇರುತ್ತದೆ. ಪಿಎಚ್ 10, ಕೆಲವು ಸಲ 11ರವರೆಗೂ ಹೋಗುತ್ತದೆ. ಸ್ಪಾನ್ ಅಂದರೆ ಮೊಟ್ಟೆ ಒಡೆದು ಮೂರು ದಿನವಾದ, 6ರಿಂದ 8 ಮಿಲಿಮೀಟರ್ ಉದ್ದದ ಜೀವ. ಅದಕ್ಕೆ ಈ ನೀರು ಸೋಪಿನ ನೀರಿದ್ದ ಹಾಗೆ. ಮೇಸ್ತ್ರಿ ನೀರು ಹಾಕಿ ಕ್ಯೂರಿಂಗ್ ಮಾಡುವುದು ಗೋಡೆ ಬಿರುಕು ಬಿಡದಿರಲಿ ಅಂತ, ಮೀನಿಗಲ್ಲ. ಮೀನಿಗಾಗಿ ಮಾಡುವ ಕ್ಯೂರಿಂಗ್ ಬೇರೆಯೇ ಇದೆ. ತೊಟ್ಟಿ ತುಂಬಿಸಿ ಮೂರು ನಾಲ್ಕು ದಿನ ಬಿಡಬೇಕು, ಖಾಲಿ ಮಾಡಬೇಕು, ಗೋಡೆ ಉಜ್ಜಬೇಕು, ಮತ್ತೆ ತುಂಬಿಸಬೇಕು. ಹೀಗೆ ನಾಲ್ಕೈದು ಸಲವಾದರೂ ಆಗಬೇಕು. ನಮ್ಮ ಕಡೆ ಬಾಳೆ ದಿಂಡು ಕತ್ತರಿಸಿ ನೀರಿಗೆ ಹಾಕಿ ಕೊಳೆಸುತ್ತಾರಲ್ಲ, ಅದು ಸುಮ್ನೆ ಮಾಡುವ ಶಾಸ್ತ್ರವಲ್ಲ. ಕೊಳೆಯುವಾಗ ಹುಟ್ಟುವ ಆಮ್ಲ ಸುಣ್ಣವನ್ನು ತಿನ್ನುತ್ತದೆ. ಒಂದು ವಾರ ಕೊಳೆಸಿ, ಆ ನೀರನ್ನು ಪೂರ್ತಿ ಹೊರಗೆ ಹಾಕಿ, ತೊಳೆದು, ಹೊಸ ನೀರು ತುಂಬಿಸಿ. ಎರಡು ದಿನ ನಿಂತ ಮೇಲೆ ಪಿಎಚ್ 8.5ರ ಒಳಗೇ ಉಳಿದಿದ್ದರೆ ತೊಟ್ಟಿ ಪಕ್ವವಾಯಿತು ಅಂತ ಲೆಕ್ಕ. ನಿಮ್ಮ ತೊಟ್ಟಿಯಲ್ಲಿ ತಿಂಗಳ ಮೇಲೆ ನೀರು ನಿಂತಿದ್ದರಿಂದ ಈಗ ಈ ಕಾಟ ಬಹುಪಾಲು ತೀರಿದೆ. ಎರಡನೇ ಬ್ಯಾಚು ಎಂಟು ದಿನ ಚೆನ್ನಾಗಿ ಇದ್ದದ್ದೇ ಅದಕ್ಕೆ ಸಾಕ್ಷಿ. ನೀವು ಎರಡನೇ ತೊಟ್ಟಿಯನ್ನು ಇನ್ನೂ ಬಳಸಿಲ್ಲ ಅಂತ ಕಾಣುತ್ತದೆ, ಹಾಗಿದ್ದರೆ ಅದಕ್ಕೆ ಇವತ್ತೇ ಬಾಳೆ ದಿಂಡು ಹಾಕಿಬಿಡಿ.

ಈಗ ಎರಡನೇ ಬ್ಯಾಚಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಅರ್ಥವಾಗದೆ ನೀರಿನ ಬಗ್ಗೆ ಎಷ್ಟು ಹೇಳಿದರೂ ದಂಡ.

ಕಡ್ಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನ್ ಇರುತ್ತದೆ. ಎರಡೂವರೆ ಕೆಜಿಯಲ್ಲಿ ಒಂದು ಕೆಜಿ ಪ್ರೋಟೀನ್ ಆಯಿತು. ಪ್ರೋಟೀನಿನಲ್ಲಿ ನೂರಕ್ಕೆ 16 ಭಾಗ ಸಾರಜನಕ, ಅಂದರೆ 160 ಗ್ರಾಂ. ಮೀನು ಇದನ್ನು ಪೂರ್ತಿ ಮೈಗೆ ಹಚ್ಚಿಕೊಳ್ಳುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಗೆ ಬರುತ್ತದೆ, ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ಅದೂ ಅಮೋನಿಯಾ ಆಗುತ್ತದೆ. ನೂರಕ್ಕೆ 60 ಭಾಗ ಅಂತ ಹಿಡಿದರೂ ದಿನಕ್ಕೆ 96 ಗ್ರಾಂ. ನಿಮ್ಮ ತೊಟ್ಟಿಯಲ್ಲಿ 50,000 ಲೀಟರ್ ನೀರಿದೆ. ಭಾಗಿಸಿ ನೋಡಿ, ಪ್ರತಿ ಲೀಟರಿಗೆ ದಿನಕ್ಕೆ ಹತ್ತಿರ ಹತ್ತಿರ 2 ಮಿಲಿಗ್ರಾಂ ಅಮೋನಿಯಾ. ಪಾಚಿ ಒಂದು ಪಾಲು ಕುಡಿದುಕೊಳ್ಳುತ್ತದೆ, ನಿಜ. ಆದರೂ ಮೂರು ದಿನ, ನಾಲ್ಕು ದಿನ ಇದೇ ನಡೆದರೆ ಯಾವ ಪಾಚಿ ತಾನೇ ತಡೆದೀತು?

ಇನ್ನೊಂದು ವಿಷಯ ಇದೆ, ಇದನ್ನು ಮಾತ್ರ ಎರಡು ಸಲ ಓದಿ. ನೀರಿನಲ್ಲಿರುವ ಅಮೋನಿಯಾಗೆ ಎರಡು ವೇಷ. ಒಂದು ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಕಿವಿರನ್ನು ಸುಡುವ ವಿಷದ ಅಮೋನಿಯಾ. ಯಾವುದು ಎಷ್ಟಿರಬೇಕು ಅನ್ನುವುದನ್ನು ಮುಖ್ಯವಾಗಿ ಪಿಎಚ್ ತೀರ್ಮಾನ ಮಾಡುತ್ತದೆ, ಬಿಸಿ ಏರಿದರೂ ವಿಷದ ಪಾಲು ಏರುತ್ತದೆ. ನೀರು 28 ಡಿಗ್ರಿ ಇದ್ದಾಗ, ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಮ್ಮಿ. ಪಿಎಚ್ 8 ಆದರೆ ಆರೂವರೆ. ಪಿಎಚ್ 9 ಆದರೆ 41. ಪಿಎಚ್ 9.5 ಆಯಿತೋ, ನೂರಕ್ಕೆ ಸುಮಾರು 70. ಅದೇ ನೀರು, ಅದೇ ಅಮೋನಿಯಾ, ಹೊಸದಾಗಿ ಒಂದು ಚೂರು ಹೊಲಸು ಸೇರಿಲ್ಲ, ಆದರೂ ಬೆಳಿಗ್ಗೆ ಮರಿ ಬದುಕಿಸಿಟ್ಟಿದ್ದ ನೀರು ಮಧ್ಯಾಹ್ನ ಕೊಲ್ಲುತ್ತದೆ.

ನೀವು ಸುಣ್ಣ ಹಾಕಿದ ಹೊತ್ತು ಯಾವುದು? ಮಧ್ಯಾಹ್ನ. ಹಸಿರು ನೀರಿನ ತೊಟ್ಟಿಯಲ್ಲಿ ಪಾಚಿ ಬಿಸಿಲಿಗೆ ಕಾರ್ಬನ್ ಡೈ ಆಕ್ಸೈಡನ್ನೆಲ್ಲ ಹೀರಿ ಪಿಎಚ್ ಅನ್ನು ತಾನಾಗಿಯೇ 8.8, 9ಕ್ಕೆ ಏರಿಸಿರುವ ಹೊತ್ತು ಅದು. ಅದರ ಮೇಲೆ ಐದು ಕೆಜಿ ಸುಣ್ಣ. 9.5 ಮುಟ್ಟಿದ್ದರೆ ಆಶ್ಚರ್ಯವಿಲ್ಲ. ಸುಣ್ಣ ಕೆಟ್ಟದ್ದಲ್ಲ ಸ್ವಾಮಿ. ಒಣಗಿಸಿದ ಮಣ್ಣಿನ ಕೊಳದ ತಳಕ್ಕೆ, ಮರಿ ಬಿಡುವ ಮೊದಲು, ಹುಳಿ ಮಣ್ಣಿದ್ದ ಕಡೆ ಅದು ಬೇಕೇ ಬೇಕು. ಕರಾವಳಿ, ಮಲೆನಾಡಿನ ಕಡೆ ಹುಳಿ ಮಣ್ಣು, ಮೆದು ನೀರು, ಅಲ್ಲಿನವರಿಗೆ ಸುಣ್ಣ ಹಾಕಿ ಅಂತ ನಾವೇ ಹೇಳುತ್ತೇವೆ. ನಿಮ್ಮ ಕಡೆಯ ಬೋರ್ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕಟ್ಟುತ್ತದೆ, ಅಲ್ವಾ? ಆ ನೀರಿಗೆ ಸುಣ್ಣ ಬೇಡ. ಮರಿ ಇರುವ ತೊಟ್ಟಿಗಂತೂ, ಅಮೋನಿಯಾ ಇದ್ದಾಗ, ಮಧ್ಯಾಹ್ನದ ಹೊತ್ತು, ಬೇಡವೇ ಬೇಡ. ಪಕ್ಕದ ಊರಿನವರ ಮೇಲೆ ಸಿಟ್ಟಾಗಬೇಡಿ, ಅವರ ಮಣ್ಣಿನ ಕೊಳದಲ್ಲಿ ಸುಣ್ಣ ಕೆಲಸ ಮಾಡಿರುತ್ತದೆ.

ನೀರು ಕೆಟ್ಟಿತು ಅನ್ನಿಸಿದ ಕೂಡಲೇ ಏನಾದರೂ ಹಾಕಬೇಕು ಅಂತ ಎಲ್ಲರ ಕೈಯೂ ತುರಿಸುತ್ತದೆ. ಸುಣ್ಣ, ಪೊಟ್ಯಾಸಿಯಂ ಪರ್ಮಾಂಗನೇಟ್, ಯಾವುದೋ ಪುಡಿ, ಯಾವುದೋ ಬಾಟಲಿ. ನಾನು ಇಷ್ಟು ವರ್ಷದಲ್ಲಿ ನೋಡಿದ ಸತ್ತ ತೊಟ್ಟಿಗಳಲ್ಲಿ ಜಾಸ್ತಿ ಪಾಲು ಏನನ್ನೋ ಹಾಕಿ ಸತ್ತವು. ತೆಗೆದು ಸತ್ತದ್ದು ಕಮ್ಮಿ. ಅದಕ್ಕೇ ಮೊದಲು ಕೇಳಿಕೊಳ್ಳಬೇಕಾದದ್ದು, ಇದರಿಂದ ಏನು ತೆಗೆಯಲಿ ಅಂತ. ಮೇವು ತೆಗೆಯಿರಿ, ತಳದ ಕೊಳೆ ತೆಗೆಯಿರಿ, ಹಳೇ ನೀರು ತೆಗೆಯಿರಿ, ಮರಿ ಜಾಸ್ತಿ ಇದ್ದರೆ ಮರಿ ತೆಗೆದು ಪಕ್ಕದ ತೊಟ್ಟಿಗೆ ಬಿಡಿ. ಇಷ್ಟು ಮಾಡಿದ ಮೇಲೂ ಸರಿಹೋಗಲಿಲ್ಲ ಅಂದರೆ ಆಗ ಅಂಗಡಿ ಕಡೆ ನೋಡೋಣ.

ಮೇವಿನ ಅಳತೆ ಹೇಳುತ್ತೇನೆ. ಒಂದು ಲಕ್ಷ ಸ್ಪಾನ್ ಎಲ್ಲ ಸೇರಿ ತೂಗಿದರೆ 140 ಗ್ರಾಮಿನ ಆಸುಪಾಸು. ಮೊದಲ ಐದು ದಿನ ಲಕ್ಷಕ್ಕೆ ದಿನಕ್ಕೆ 600 ಗ್ರಾಂ, ಆಮೇಲೆ ಹದಿನೈದನೇ ದಿನದವರೆಗೆ ದಿನಕ್ಕೆ 1.2 ಕೆಜಿ. ಅದೂ ಬರೀ ಹಿಂಡಿಯಲ್ಲ, ಹಿಂಡಿ ಅರ್ಧ, ಅಕ್ಕಿ ತೌಡು ಅರ್ಧ, ಎರಡನ್ನೂ ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ತೌಡಿನಲ್ಲಿ ಪ್ರೋಟೀನ್ ಕಮ್ಮಿ ಇರುವುದರಿಂದ ಮಿಶ್ರಣದ ಪ್ರೋಟೀನ್ ನೂರಕ್ಕೆ 28ರ ಹತ್ತಿರ ನಿಲ್ಲುತ್ತದೆ. ನೀವು ಹಾಕಿದ್ದರಲ್ಲಿ ಇದರ ಮೂರು ಪಾಲು ಪ್ರೋಟೀನ್ ಇತ್ತು. ಇಷ್ಟು ಹಾಕಿದ್ದಕ್ಕೆ ಮರಿ ಮೂರು ಪಟ್ಟು ಬೆಳೆಯಿತಾ? ಇಲ್ಲ. ದಿನದ ಮೇವನ್ನು ಎರಡು ಮೂರು ಸಲ ಹಂಚಿ ಹಾಕಿ. ಒಂದು ಗಂಟೆ ಬಿಟ್ಟು ಒಂದು ಬಿಳಿ ತಟ್ಟೆಯನ್ನು ತಳದಿಂದ ಮೇಲೆತ್ತಿ ನೋಡಿ. ತಟ್ಟೆಯಲ್ಲಿ ಹಿಂಡಿ ಉಳಿದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಮೋಡ ಕವಿದ ದಿನ ಅರ್ಧ ಹಾಕಿ. ಬೆಳಗಿನ ಜಾವ ಮರಿ ಮೇಲೆ ಬಂದಿದ್ದರೆ ಅವತ್ತು ಏನೂ ಹಾಕಬೇಡಿ. ಒಂದು ದಿನ ಉಪವಾಸ ಬಿದ್ದರೆ ಮರಿ ಸಾಯುವುದಿಲ್ಲ.

ಬೆಳಗಿನ ಜಾವದ ಆ ಬಾಯಿ ಬಿಡುವಿಕೆ ಬಗ್ಗೆ. ಅದು ಅಮೋನಿಯಾಗಿಂತ ಮೊದಲು ಆಕ್ಸಿಜನ್ ಕೊರತೆಯ ಗುರುತು. ಹಗಲು ಪಾಚಿ ಆಕ್ಸಿಜನ್ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ, ಮರಿಯೂ ಉಸಿರಾಡುತ್ತದೆ, ತಳದ ಕೊಳೆಯೂ ಎಳೆದುಕೊಳ್ಳುತ್ತದೆ. ಬೆಳಗ್ಗೆ ನಾಲ್ಕರಿಂದ ಆರರ ನಡುವೆ ನೀರಿನಲ್ಲಿ ಆಕ್ಸಿಜನ್ ದಿನದಲ್ಲೇ ಅತಿ ಕಡಿಮೆ. 28 ಡಿಗ್ರಿ ನೀರು ಗಾಳಿಯಿಂದ ಹಿಡಿದುಕೊಳ್ಳುವುದೇ ಲೀಟರಿಗೆ 8 ಮಿಲಿಗ್ರಾಂ ಒಳಗೆ, ಅದು 5ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಸ್ಪಾನ್ ಬಿಡುವ ಕಾಲ ಜೂನ್, ಜುಲೈ, ಆಗಸ್ಟ್, ಅಂದರೆ ಮೋಡದ ದಿನಗಳು. ಎರಡು ದಿನ ಬಿಸಿಲಿಲ್ಲ ಅಂದರೆ ಪಾಚಿ ಒಮ್ಮೆಲೇ ಸತ್ತು ಬೀಳುವುದೂ ಉಂಟು. ಆಗ ಹಸಿರು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಮೂಲೆಯಲ್ಲಿ ಒಡೆಯದ ನೊರೆ ನಿಲ್ಲುತ್ತದೆ, ಒಂದು ಥರಾ ಗಬ್ಬುವಾಸನೆ ಬರುತ್ತದೆ. ಈ ಮೂರರಲ್ಲಿ ಎರಡು ಕಂಡರೂ ಯಾವ ಕಿಟ್ಟಿಗೂ ಕಾಯಬೇಡಿ, ನೀರು ಬದಲಿಸಲು ಶುರು ಮಾಡಿ. ನಿಮ್ಮ ಹತ್ತನೇ ದಿನಕ್ಕೂ ಹನ್ನೆರಡನೇ ದಿನಕ್ಕೂ ನಡುವೆ ಇಂಥದ್ದೇನಾದರೂ ಆಗಿತ್ತಾ ಅಂತ ನೆನಪು ಮಾಡಿಕೊಳ್ಳಿ.

ಗಾಳಿ ಬೇಕೇ ಬೇಕು. ಇಷ್ಟು ದಟ್ಟವಾಗಿ ಮರಿ ಬಿಟ್ಟು ಬ್ಲೋವರ್ ಇಲ್ಲದೆ ನಡೆಸುತ್ತೇನೆ ಅನ್ನುವುದು ಜೂಜು. ಒಂದು ಸಣ್ಣ ಏರ್ ಬ್ಲೋವರ್, ತೊಟ್ಟಿಗೆ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಎಂಟು ಹತ್ತು ಏರ್ ಸ್ಟೋನ್ ಸಾಕು. ಸ್ಪಾನ್ ಬಿಟ್ಟ ಮೊದಲ ಎರಡು ಮೂರು ದಿನ ಗಾಳಿ ಮೆಲ್ಲಗಿರಲಿ, ಕುದಿಯುವ ಹಾಗೆ ಬಿಟ್ಟರೆ ಆ ಎಳೆಗೂಸುಗಳು ಸುಳಿಗೆ ಸಿಕ್ಕಿ ಸುಸ್ತಾಗುತ್ತವೆ. ರಾತ್ರಿ ಪೂರ್ತಿ ಓಡಲಿ. ಕರೆಂಟ್ ಹೋದರೆ? ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಬರುವುದು ನಿಮಗೇ ಗೊತ್ತು, ಹಾಗಾಗಿ ಬ್ಲೋವರ್ ಅನ್ನು ಆ ಲೈನಿಗೆ ಕಟ್ಟಬೇಡಿ. ಮನೆಯ ಸಿಂಗಲ್ ಫೇಸಿಗೆ ಕೊಟ್ಟು, ಜೊತೆಗೆ ಒಂದು ಇನ್ವರ್ಟರ್ ಇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮರಿ ಕೇಂದ್ರದಲ್ಲಿ ರಾತ್ರಿ ಪಾಳಿ ನನ್ನದು. ಮಳೆ, ಕರೆಂಟ್ ಹೋಯಿತು, ಜನರೇಟರಿನಲ್ಲಿ ಡೀಸೆಲ್ ಇದೆಯಾ ಅಂತ ನಾನು ಸಂಜೆ ನೋಡಿರಲಿಲ್ಲ. ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಸುರಿದು ಬೆಳಗು ಮಾಡಿದೆ. ಆರು ತೊಟ್ಟಿಯಲ್ಲಿ ಎರಡು ಉಳಿದವು. ಆವತ್ತಿನಿಂದ ಇವತ್ತಿನವರೆಗೆ ಸಂಜೆ ಆರಕ್ಕೆ ಡೀಸೆಲ್ ನೋಡದೆ ನಾನು ಕಾಫಿ ಕುಡಿಯುವುದಿಲ್ಲ.

ಬೋರ್ ನೀರಿನ ಗುಣ ಒಂದಿಷ್ಟು ತಿಳಿದಿರಬೇಕು. ಭೂಮಿಯೊಳಗಿನಿಂದ ಬರುವ ನೀರಿನಲ್ಲಿ ಆಕ್ಸಿಜನ್ ಹೆಚ್ಚುಕಡಿಮೆ ಇರುವುದೇ ಇಲ್ಲ, ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ. ಹತ್ತನೇ ದಿನ ಬೋರ್ ನೀರು ಬಿಟ್ಟಾಗ ಮರಿ ಸುಧಾರಿಸಿದ್ದು ಪೈಪಿನಿಂದ ಮೇಲಿಂದ ಬೀಳುವಾಗ ನೀರು ಗಾಳಿಯನ್ನು ಕಲಸಿಕೊಂಡಿದ್ದಕ್ಕೆ, ಜೊತೆಗೆ ಹೊಲಸು ನೀರು ತೆಳುವಾಗಿದ್ದಕ್ಕೆ. ಪೈಪನ್ನು ನೀರಿನೊಳಗೆ ಮುಳುಗಿಸಿ ಬಿಟ್ಟಿದ್ದರೆ ಇನ್ನೂ ಕೆಡುತ್ತಿತ್ತು. ಪಂಪು ಎಲ್ಲೋ ಗಾಳಿ ಎಳೆಯುತ್ತಿದ್ದರೆ ಒತ್ತಡದಲ್ಲಿ ಆ ಗಾಳಿ ನೀರಿನಲ್ಲಿ ಕರಗಿ ಬಂದು ಮರಿಯ ಮೈಯೊಳಗೆ ಗುಳ್ಳೆ ಕಟ್ಟುತ್ತದೆ, ಮರಿ ತಲೆಕೆಳಗಾಗಿ ತೇಲುತ್ತದೆ. ಇದಕ್ಕೆಲ್ಲ ಒಂದೇ ಉಪಾಯ. ಪೈಪಿನ ತುದಿಗೆ ತೂತು ಕೊರೆದು ಷವರ್ ಮಾಡಿ, ನೀರು ಒಂದೆರಡು ಅಡಿ ಎತ್ತರದಿಂದ ಹನಿಹನಿಯಾಗಿ ಬೀಳಲಿ. ಇನ್ನೂ ಒಳ್ಳೆಯದು ಅಂದರೆ ಒಂದು ದಿನ ಮೊದಲೇ ಬೇರೆ ಟ್ಯಾಂಕಿಗೆ ತುಂಬಿ ನಿಲ್ಲಿಸುವುದು. ಕಬ್ಬಿಣದ ಅಂಶ ಇದ್ದರೆ ಅದೂ ಕೆಂಪಗೆ ತಳಕ್ಕೆ ಕೂರುತ್ತದೆ, ಇಲ್ಲದಿದ್ದರೆ ಅದು ಕೂರುವುದು ಮರಿಯ ಕಿವಿರಿನ ಮೇಲೆ. ಇನ್ನೊಂದು, ಬೋರ್ ನೀರಿನ ಪಿಎಚ್ ಅನ್ನು ಪೈಪಿನ ಬಾಯಲ್ಲೇ ಅಳೆದು 7.2 ಇದೆ ಅಂತ ಖುಷಿಪಡಬೇಡಿ. ಒಂದು ಬಕೆಟ್ಟಿನಲ್ಲಿ ರಾತ್ರಿಯೆಲ್ಲ ತೆರೆದಿಟ್ಟು, ಆಗಾಗ ಕಲಕಿ, ಬೆಳಿಗ್ಗೆ ಅಳೆಯಿರಿ. ಕಾರ್ಬನ್ ಡೈ ಆಕ್ಸೈಡ್ ಹಾರಿಹೋದ ಮೇಲೆ 8 ದಾಟಿರುತ್ತದೆ. ನಿಜವಾದ ಪಿಎಚ್ ಅದು.

ನೀರು ಎಷ್ಟು ಬದಲಿಸಬೇಕು ಅಂತ ಕೇಳುತ್ತೀರಿ. ಮೊದಲ ನಾಲ್ಕೈದು ದಿನ ಬೇಡ, ಮರಿ ತಿನ್ನುವ ಸೂಕ್ಷ್ಮಜೀವಿಗಳೂ ನೀರಿನ ಜೊತೆ ಹೋಗಿಬಿಡುತ್ತವೆ. ಆಮೇಲೆ ದಿನಕ್ಕೆ ಐದನೇ ಒಂದು ಪಾಲು, ನಿಮ್ಮ ತೊಟ್ಟಿಗೆ 10,000 ಲೀಟರ್. ಮೇಲಿನ ತಿಳಿನೀರು ಚೆಲ್ಲಿದರೆ ಏನೂ ಪ್ರಯೋಜನವಿಲ್ಲ, ತಳದಿಂದ ತೆಗೆಯಬೇಕು. ಬೆಳಿಗ್ಗೆ ಮೇವು ಹಾಕುವ ಮೊದಲು ಒಂದು ಇಂಚಿನ ಪೈಪಿನಲ್ಲಿ ಸೈಫನ್ ಹಚ್ಚಿ ತಳದ ಕೊಳೆಯನ್ನು ಗುಡಿಸಿದ ಹಾಗೆ ಎಳೆಯಿರಿ. ಹೊರಗಿನ ತುದಿಗೆ ಬಕೆಟ್ಟಿನೊಳಗೆ ಸಣ್ಣ ಕಣ್ಣಿನ ನೈಲಾನ್ ಬಟ್ಟೆ ಕಟ್ಟಿ, ತಪ್ಪಿ ಬಂದ ಮರಿಗಳನ್ನು ವಾಪಸ್ ಬಿಡಬಹುದು. ಈ ನೀರನ್ನು ಮೋರಿಗೆ ಬಿಡಬೇಡಿ, ತೆಂಗಿನ ಬುಡಕ್ಕೆ ಹರಿಸಿ, ಇದಕ್ಕಿಂತ ಒಳ್ಳೆ ಗೊಬ್ಬರ ನೀರು ಸಿಗುವುದಿಲ್ಲ. ಒಂದು ಮಾತು ನೆನಪಿರಲಿ. ಮೂರನೇ ಒಂದು ಪಾಲು ನೀರು ಬದಲಿಸಿದರೆ ಅಮೋನಿಯಾ ಇಳಿಯುವುದೂ ಮೂರನೇ ಒಂದು ಪಾಲು ಮಾತ್ರ. 6 ಇದ್ದದ್ದು 4 ಆಗುತ್ತದೆ ಅಷ್ಟೇ. ಅದೇ ದಿನ ಸಂಜೆ ಮತ್ತೆ ಎರಡೂವರೆ ಕೆಜಿ ಹಿಂಡಿ ಸುರಿದರೆ ಬೆಳಿಗ್ಗೆ ಮತ್ತೆ 6.

ತೊಟ್ಟಿಯ ಮೇಲೆ ಅರ್ಧ ನೆರಳು ಕೊಡುವ ಹಸಿರು ಶೇಡ್ ನೆಟ್ ಹಾಕಿ. ಪಾಚಿಯ ಆಟ ಹತೋಟಿಗೆ ಬರುತ್ತದೆ, ಮಧ್ಯಾಹ್ನದ ಪಿಎಚ್ ಏರುವುದು ಕಮ್ಮಿಯಾಗುತ್ತದೆ, ಮಿಂಚುಳ್ಳಿಯೂ ದೂರ. ನೀರು ತಿಳಿ ಹಸಿರು ಇದ್ದು, ಕೈ ಮುಳುಗಿಸಿದರೆ ಮೊಣಕೈ ಹತ್ತಿರ ಬರುವಷ್ಟರಲ್ಲಿ ಅಂಗೈ ಮಸುಕಾದರೆ ಹದವಾಗಿದೆ. ಮಣಿಕಟ್ಟಿಗೇ ಅಂಗೈ ಮಾಯವಾದರೆ ಪಾಚಿ ವಿಪರೀತ.

ಟೆಸ್ಟ್ ಕಿಟ್ ವಿಷಯ. ತಗೊಳ್ಳಿ. ಸತ್ತ ಮರಿಯ ಲೆಕ್ಕ ಹಾಕಿದರೆ ಕಿಟ್ಟಿನ ದುಡ್ಡು ಏನೂ ಅಲ್ಲ. ಎರಡೇ ಸಾಕು, ಪಿಎಚ್ ಮತ್ತು ಅಮೋನಿಯಾ, ಹನಿ ಹಾಕಿ ಬಣ್ಣ ನೋಡುವಂಥವು. ಜನ ಮಾಡುವ ತಪ್ಪು ಏನೆಂದರೆ ಬೆಳಿಗ್ಗೆ ಒಂಬತ್ತಕ್ಕೆ ಎರಡನ್ನೂ ಅಳೆದು ಎಲ್ಲ ಚೆನ್ನಾಗಿದೆ ಅಂತ ಬರೆದಿಡುವುದು. ಪಿಎಚ್ ಅಳೆಯಬೇಕಾದದ್ದು ಮಧ್ಯಾಹ್ನ ಮೂರಕ್ಕೆ, ಅದು ಅತಿ ಎತ್ತರದಲ್ಲಿರುವಾಗ. ಅಮೋನಿಯಾವನ್ನೂ ಅದೇ ಹೊತ್ತಿಗೆ ಅಳೆಯಿರಿ. ಕಿಟ್ ತೋರಿಸುವುದು ಎರಡೂ ವೇಷ ಸೇರಿಸಿದ ಒಟ್ಟು ಅಮೋನಿಯಾ, ಆದ್ದರಿಂದ ಪಿಎಚ್ ಜೊತೆ ಇಟ್ಟು ಓದಿದರೆ ಮಾತ್ರ ಅರ್ಥ. ಒಟ್ಟು 1 ಇದ್ದು ಪಿಎಚ್ 7.5 ಇದ್ದರೆ ನಾನು ನಿದ್ದೆ ಮಾಡುತ್ತೇನೆ, ಅದೇ 1 ಇದ್ದು ಪಿಎಚ್ 9 ಆದರೆ ಓಡಿಹೋಗಿ ನೀರು ಬಿಡುತ್ತೇನೆ. ವಿಷದ ಪಾಲು ಲೀಟರಿಗೆ 0.05 ಮಿಲಿಗ್ರಾಮಿನ ಒಳಗಿರಲಿ ಅನ್ನುವುದು ಗುರಿ. ಅಷ್ಟೆಲ್ಲ ಗುಣಿಸಲು ಬೇಸರ ಅಂದರೆ ಸುಲಭದ ಪಾಠ ಹೀಗಿದೆ. ಒಟ್ಟು ಅಮೋನಿಯಾ ಅರ್ಧ ಮಿಲಿಗ್ರಾಂ ದಾಟಿದರೆ ಮೇವು ಅರ್ಧ. ಒಂದು ದಾಟಿದರೆ ಮೇವು ನಿಲ್ಲಿಸಿ, ತಳದಿಂದ ಮೂರನೇ ಒಂದು ಪಾಲು ನೀರು ತೆಗೆದು ಹೊಸ ನೀರು ಕೊಡಿ. ಆಕ್ಸಿಜನ್ ಕಿಟ್ ಸದ್ಯ ಬೇಡ, ಬೆಳಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹೋಗಿ ನೋಡಿದರೆ ಮರಿಗಳೇ ಹೇಳುತ್ತವೆ.

ಎರಡನೇ ವಾರದಲ್ಲಿ ನೈಟ್ರೈಟ್ ಅನ್ನುವ ಇನ್ನೊಬ್ಬ ಬರಬಹುದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದನ್ನು ತಿನ್ನುವ ಇನ್ನೊಂದು ಬಗೆಯವು ತಡವಾಗಿ ಹುಟ್ಟುತ್ತವೆ. ಈ ನಡುವೆ ಮರಿಯ ರಕ್ತ ಕಂದಾಗಿ, ಕಿವಿರು ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ, ಆಕ್ಸಿಜನ್ ಎಷ್ಟಿದ್ದರೂ ಉಸಿರು ಕಟ್ಟುತ್ತದೆ. ಇದಕ್ಕೆ ಅಡುಗೆ ಉಪ್ಪೇ ಮದ್ದು, ಕಲ್ಲುಪ್ಪಾದರೂ ಸರಿ. ನಿಮ್ಮ ತೊಟ್ಟಿಗೆ 5 ಕೆಜಿ, ಚೆನ್ನಾಗಿ ಕರಗಿಸಿ ಎಲ್ಲ ಕಡೆ ಎರಚಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಆದರೆ ಅಮೋನಿಯಾ ಹೀರಲಿ ಅಂತ ಜಿಯೋಲೈಟ್ ಹಾಕಿದ್ದರೆ ಉಪ್ಪು ಹಾಕಬೇಡಿ. ಉಪ್ಪು ಬಿದ್ದ ಕೂಡಲೇ ಜಿಯೋಲೈಟ್ ಹೀರಿಕೊಂಡದ್ದನ್ನೆಲ್ಲ ವಾಪಸ್ ಕಕ್ಕುತ್ತದೆ. ಇದು ಗೊತ್ತಿಲ್ಲದೆ ಎರಡೂ ಹಾಕಿ ಕೈ ಸುಟ್ಟುಕೊಂಡವರಿದ್ದಾರೆ.

ಪ್ರೊಬಯೋಟಿಕ್ ಬಗ್ಗೆ ನನ್ನ ಅಭಿಪ್ರಾಯ ಅಂಗಡಿಯವರಿಗೆ ಹಿಡಿಸಲಿಕ್ಕಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡು ಇರುವುದಕ್ಕಿಂತ ಗೋಡೆ, ಕಲ್ಲು, ಬಲೆ ಇಂಥದ್ದಕ್ಕೆ ಅಂಟಿಕೊಂಡು ಬದುಕುತ್ತವೆ. ಪೂರ್ತಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಸ್ಪಾನ್ ಇಂದ ಫ್ರೈ, ಅಂದರೆ ಮುಂದಿನ ಹಂತದ ಮರಿ, ಆಗಲು ಬೇಕಾದದ್ದು ಹದಿನೈದು, ಇಪ್ಪತ್ತು ದಿನ. ಬಾಟಲಿ ಸುರಿದ ಮಾರನೇ ದಿನ ನೀರು ಶುದ್ಧ ಅನ್ನುವ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಅದರ ಬದಲು ಹಳೇ ಬಲೆಯ ತುಂಡುಗಳನ್ನು, ಜಲ್ಲಿ ತುಂಬಿದ ಈರುಳ್ಳಿ ಚೀಲವನ್ನು ಈಗಿನಿಂದಲೇ ನೀರಿರುವ ತೊಟ್ಟಿಯಲ್ಲಿ, ನಾಲ್ಕು ಗೆಂಡೆ ಮೀನು ಬಿಟ್ಟು, ಏರ್ ಸ್ಟೋನಿನ ಮೇಲೆ ತೂಗಿಬಿಡಿ. ಒಂದೂವರೆ ತಿಂಗಳಲ್ಲಿ ಅದಕ್ಕೆ ಲೋಳೆ ಹತ್ತುತ್ತದೆ. ಸ್ಪಾನ್ ಬಿಡುವಾಗ ಅದನ್ನೇ ಮರಿ ತೊಟ್ಟಿಗೆ ವರ್ಗಾಯಿಸಿ. ಖರ್ಚಿಲ್ಲದ ಪ್ರೊಬಯೋಟಿಕ್.

ಪಂಚಾಯಿತಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನೇರ ಬಿಟ್ಟರೆ ಕಿವಿರು ಬೇಯುತ್ತದೆ. ತೆರೆದ ತೊಟ್ಟಿಯಲ್ಲಿ ಗಾಳಿ ಕೊಟ್ಟು ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ ಹೋಗುತ್ತದೆ. ತುರ್ತಿದ್ದರೆ ಸೋಡಿಯಂ ಥಯೋಸಲ್ಫೇಟ್. ಕ್ಲೋರಿನ್ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಇರುವ ಸಾವಿರ ಲೀಟರ್ ನೀರಿಗೆ 7 ಗ್ರಾಂ.

ಸಿಗಡಿ ಮರಿ ಈ ತೊಟ್ಟಿಯಲ್ಲಿ ಸದ್ಯಕ್ಕೆ ಬೇಡ. ಸಿಹಿನೀರಿನ ದೊಡ್ಡ ಸಿಗಡಿ ಹೆಸರಿಗೆ ಸಿಹಿನೀರಿನದಾದರೂ ಅದರ ಲಾರ್ವಾಗೆ ಲೀಟರಿಗೆ 12 ಗ್ರಾಮಿನಷ್ಟು ಉಪ್ಪಿರುವ ನೀರು ಬೇಕು, ಮೇವೂ ಬೇರೆ, ಅದೊಂದು ಬೇರೆಯೇ ಕಸುಬು.

ಮುಂದಿನ ಬ್ಯಾಚಿನ ತಯಾರಿ ಹೇಳಿ ಮುಗಿಸುತ್ತೇನೆ. ಕಾಟ್ಲಾ, ರೋಹು ಎಲ್ಲ ಹುಟ್ಟಿನಿಂದ ನದಿ ಮೀನುಗಳು, ಮುಂಗಾರಿನ ನೆರೆಯಲ್ಲಿ ಮೊಟ್ಟೆ ಇಡುವಂಥವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇಂಥ ಮೀನಿನಿಂದ ಮೊಟ್ಟೆ ಇಡಿಸುವವರೆಗೆ ಜನ ಹೆಚ್ಚಾಗಿ ಹೊಳೆಯಲ್ಲಿ ಬಲೆ ಕಟ್ಟಿ ಸ್ಪಾನ್ ಹಿಡಿಯಬೇಕಿತ್ತು. ಹೊಳೆಯ ನೆರೆಯಲ್ಲಿ ಒಂದು ಮರಿಯ ಪಾಲಿಗೆ ಎಷ್ಟು ನೀರು ಸಿಗುತ್ತದೆ ಯೋಚಿಸಿ. ನಿಮ್ಮ ತೊಟ್ಟಿಯಲ್ಲಿ ಲಕ್ಷ ಬಿಟ್ಟಾಗ ಒಂದಕ್ಕೆ ಸಿಕ್ಕಿದ್ದು ಅರ್ಧ ಲೀಟರ್. ಸಿಮೆಂಟ್ ತೊಟ್ಟಿಗೆ ಚದರ ಮೀಟರಿಗೆ 1,000ದಿಂದ 2,000 ಸ್ಪಾನ್ ಬಿಡಬಹುದು ಅನ್ನುತ್ತಾರೆ, ನೀವು ಬಿಟ್ಟಿದ್ದು ಮೇಲಿನ ಗಡಿ. ಕೈ ಪಳಗಿದವರಿಗೆ ಸರಿ. ನೀವು ಈ ಸಲ 50,000 ತನ್ನಿ. ಅರ್ಧದಷ್ಟು ಫ್ರೈ ಸಿಕ್ಕಿದರೂ ಚೆನ್ನಾಗಿ ಆಯಿತು ಅಂತಲೇ ತಿಳಿಯಿರಿ.

ಮರಿ ಬರುವ ನಾಲ್ಕು ದಿನ ಮೊದಲು ತೊಟ್ಟಿ ತೊಳೆದು ಒಣಗಿಸಿ, ನೀರನ್ನು ಹಳೇ ನೈಲಾನ್ ಸೀರೆಯಲ್ಲಿ ಸೋಸಿ ತುಂಬಿಸಿ. ಹಿಂಡಿ 2 ಕೆಜಿ, ಹಸಿ ಸಗಣಿ ಅರ್ಧ ಕೆಜಿ, ಸೂಪರ್ ಫಾಸ್ಫೇಟ್ 125 ಗ್ರಾಂ ರಾತ್ರಿ ನೆನೆಸಿ, ಕಲಸಿ ಎರಚಿ. ಮೂರನೇ ದಿನ 50 ಲೀಟರ್ ನೀರನ್ನು ದಟ್ಟ ಬಟ್ಟೆಯ ಬಲೆಯಲ್ಲಿ ಸೋಸಿ, ಉಳಿದದ್ದನ್ನು ಗಾಜಿನ ಕೊಳವೆಯಲ್ಲಿ ನಿಲ್ಲಿಸಿ. ತಳದಲ್ಲಿ ಒಂದೆರಡು ಮಿಲಿಲೀಟರ್ ಪ್ಲಾಂಕ್ಟನ್, ಅಂದರೆ ಮರಿ ತಿನ್ನುವ ಸೂಕ್ಷ್ಮಜೀವಿಗಳು, ಕೂತರೆ ಊಟ ಸಿದ್ಧವಿದೆ. ಬೆನ್ನಿನ ಮೇಲೆ ಈಜುವ ನೀರಹುಳ ಕಂಡರೆ ಬಲೆ ಎಳೆದು ತೆಗೆಯಿರಿ, ಅವು ಸ್ಪಾನ್ ತಿನ್ನುತ್ತವೆ.

ಮರಿ ಚೀಲ ಬಂದಾಗ ಬಾಯಿ ಬಿಚ್ಚದೆ ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಬಿಚ್ಚಿದ ಮೇಲೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ದೂರದಿಂದ ಬಂದ ಚೀಲದಲ್ಲಿ ಅಮೋನಿಯಾ ಕೂಡಿರುತ್ತದೆ, ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಇರುವುದರಿಂದ ಪಿಎಚ್ ಕೆಳಗಿರುತ್ತದೆ, ಅದಕ್ಕೇ ಮರಿ ಬದುಕಿರುತ್ತವೆ. ಬಾಯಿ ತೆರೆದರೆ ಗ್ಯಾಸ್ ಹಾರಿ ಪಿಎಚ್ ಏರತೊಡಗುತ್ತದೆ. ಮೇಲೆ ಹೇಳಿದ ಆಟವೇ ಚೀಲದೊಳಗೂ. ಐದು ಹತ್ತು ನಿಮಿಷದಲ್ಲಿ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಚೀಲ ಓರೆ ಮಾಡಿ, ತಾವಾಗಿಯೇ ಈಜಿ ಹೋಗಲಿ. ಇದೆಲ್ಲ ಸಂಜೆ ಹೊತ್ತಲ್ಲಿ ಅಥವಾ ಬೆಳಿಗ್ಗೆ ಏಳೆಂಟು ಗಂಟೆಗೆ ಆಗಲಿ.

ಒಂದು ನೋಟ್ ಪುಸ್ತಕ ಇಡಿ. ಬೆಳಗ್ಗೆ ಐದಕ್ಕೆ ಮರಿ ಹೇಗಿದ್ದವು, ಎಷ್ಟು ಗ್ರಾಂ ಮೇವು ಹಾಕಿದಿರಿ, ಮೂರು ಗಂಟೆಯ ಪಿಎಚ್, ಅಮೋನಿಯಾ, ಎಷ್ಟು ನೀರು ತೆಗೆದಿರಿ. ಎಂಟನೇ ದಿನ ಆ ಪುಟದ ಫೋಟೋ ಕಳಿಸಿ, ಮುಂದೆ ಮೇವು ಏರಿಸಬೇಕಾ ಬೇಡವಾ ಅಂತ ಅದನ್ನು ನೋಡಿ ಹೇಳುತ್ತೇನೆ.